ಬೋಂಡ ಉಚ್ಚೆ ಹೊಯ್ದನಾ?

ನಮ್ಮ ಬೋಂಡ ಐದು ಕೆಜಿ ತೂಕದ, ಕಿತ್ತಳೆ ಬಣ್ಣದ ಗಂಡು ಬೆಕ್ಕು. ವಯಸ್ಸು ನಾಲ್ಕು. ಆಪರೇಷನ್ ಆಗಿದೆ, ಮನೆಯಿಂದ ಹೊರಗೆ ಹೋಗಲ್ಲ, ಸೋಫಾ ಬಿಟ್ಟು ಏಳೋದೂ ಕಡಿಮೆಯೇ. ಕಳೆದ ಜೂನ್‌ನ ಒಂದು ಗುರುವಾರ ಸಂಜೆ ಅವನು ಮರಳಿನ ಟ್ರೇಗೆ ಹೋಗಿ ಕೂತ. ಎದ್ದ. ಮತ್ತೆ ಹೋಗಿ ಕೂತ. ನಾನು ಮೀಟಿಂಗ್‌ನಲ್ಲಿದ್ದೆ.

"ಅಕ್ಕಾ, ಬೋಂಡ ತುಂಬಾ ಹೊತ್ತಿಂದ ಮುಕ್ಕರೀತಾ ಇದಾನೆ, ಕಕ್ಕ ಬರ್ತಿಲ್ಲ ಅನ್ಸುತ್ತೆ" ಅಂದ ತಮ್ಮ.

"ಮಲಬದ್ಧತೆ ಇರ್ಬೇಕು. ಬೆಳಿಗ್ಗೆ ಸಿಹಿಗುಂಬಳ ಬೇಯಿಸಿ ಹಾಕೋಣ" ಅಂದೆ, ಮೈಕ್ ಮ್ಯೂಟ್ ಮಾಡಿ.

ಆ ವಾರ ಆಫೀಸಿನಲ್ಲಿ ನನ್ನದೇ ಆನ್‌ಕಾಲ್. ರಾತ್ರಿ ಎರಡೂವರೆಗೆ ಫೋನ್ ಕಿರುಚಿತು. ಯಾವುದೋ ಸರ್ವರ್‌ನ ಡಿಸ್ಕ್ ತುಂಬಿತ್ತು. ನಾಲ್ಕು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದಿದ್ದೆ, ಅರ್ಧ ಗಂಟೆಯಲ್ಲಿ ಸರಿಮಾಡಿ ಎದ್ದೆ. ಬಾತ್‌ರೂಮಿಗೆ ಹೋದರೆ ತಣ್ಣನೆ ಟೈಲ್ಸ್ ಮೇಲೆ ಬೋಂಡ ಕೂತು ಹಿಂದಿನ ಜಾಗ ನೆಕ್ಕಿಕೊಳ್ತಿದ್ದ. "ಹೋಗೋ, ಮಲ್ಕೋ" ಅಂತ ಹೇಳಿ ನಾನೇ ಹೋಗಿ ಮಲಗಿದೆ. ಡಿಸ್ಕ್ ತುಂಬಿದ್ದಕ್ಕೆ ಎದ್ದವಳಿಗೆ, ಎದುರಿಗೇ ಕೂತಿದ್ದವನ ಮೂತ್ರಚೀಲ ತುಂಬಿದ್ದು ಗೊತ್ತಾಗಲಿಲ್ಲ.

ಬೆಳಿಗ್ಗೆ ಮಂಚದ ಕೆಳಗೆ ಸೇರಿಕೊಂಡಿದ್ದ. ಎರಡು ಸಲ ವಾಂತಿಯಾಗಿತ್ತು. ಹೊಟ್ಟೆ ಮುಟ್ಟಿದರೆ ಚೆಂಡಿನ ಹಾಗೆ ಗಟ್ಟಿ, ಮುಟ್ಟಿದ್ದಕ್ಕೆ ಅವನು ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ಟ್ರೇ ನೋಡಿದರೆ ಮರಳು ಒಣಒಣ. ಉಚ್ಚೆ ಹೊಯ್ದರೆ ಆ ಮರಳು ಉಂಡೆ ಕಟ್ಟುತ್ತೆ. ಒಂದೇ ಒಂದು ಉಂಡೆ ಇರಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ನಮ್ಮದು ತಿಪಟೂರು. ಅಲ್ಲಿ ಯಾವ ಕಾಯಿಲೆಗೂ ಮೊದಲ ಔಷಧಿ ತೆಂಗಿನ ಮರದ ಮೇಲೇ ಇರೋದು. "ಉರಿಮೂತ್ರ ಕಣೇ ಅದು, ಎರಡು ಚಮಚ ಎಳನೀರು ಕುಡಿಸು" ಅಂದರು. ತಮ್ಮ ಓಡಿ ಹೋಗಿ ತಂದ. ಪುಣ್ಯಕ್ಕೆ ಬೋಂಡ ಬಾಯಿ ತೆಗೆಯಲಿಲ್ಲ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ಆ ಹೊತ್ತಿಗೆ ಅವನ ರಕ್ತದಲ್ಲಿ ತುಂಬಿ ತುಳುಕುತ್ತಿದ್ದದ್ದೂ ಅದೇ ಅಂತ ಒಂದು ಗಂಟೆ ಆದ ಮೇಲೆ ಗೊತ್ತಾಯ್ತು. (ನೋವಿಗೆ ಅಂತ ಅರ್ಧ ಪ್ಯಾರಾಸಿಟಮಾಲ್ ಕೊಡೋಣ್ವಾ ಅಂತ ತಮ್ಮ ಕೇಳಿದ್ದ. ಬೆಕ್ಕಿಗೆ ಅದು ವಿಷ. ಅಷ್ಟು ಮಾತ್ರ ನನಗೆ ಮೊದಲೇ ಗೊತ್ತಿತ್ತು.)

ಆಸ್ಪತ್ರೆಯಲ್ಲಿ ಡಾಕ್ಟರ್ ಹೊಟ್ಟೆ ಮೇಲೆ ಕೈ ಇಟ್ಟು, "ಉಚ್ಚೆ ಹೊಯ್ದು ಎಷ್ಟು ಹೊತ್ತಾಯ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ಸಂಜೆಯಿಂದ ಅಂತೂ ಇಲ್ಲ, ಅದಕ್ಕೆ ಮುಂಚೆ ಯಾವಾಗ ಅಂತ ಯಾರು ನೋಡಿದ್ದರು?

ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು, ತುದಿಗೆ ಹೋದಂತೆ ಇನ್ನೂ ಸಣ್ಣ. ಹರಳಿನ ಪುಡಿ, ಲೋಳೆ ಸೇರಿ ಒಂದು ಬಿರಡೆ ಆದರೆ ಸಾಕು, ದಾರಿ ಬಂದ್. ಉಚ್ಚೆ ಹಿಂದಕ್ಕೆ ಒತ್ತಿ ಕಿಡ್ನಿಯ ಕೆಲಸ ನಿಲ್ಲುತ್ತೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ತಪ್ಪಿಸುತ್ತೆ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಮುಕ್ಕರಿಯೋದು ನೋಡಿ ಮಲಬದ್ಧತೆ ಅಂದುಕೊಂಡು ತಡ ಮಾಡೋರು ಬಹಳ ಜನ ಅಂತ ಡಾಕ್ಟರ್ ಹೇಳಿದರು. ಸಮಾಧಾನಕ್ಕೆ ಹೇಳಿದರೋ, ಬೈದರೋ ತಿಳೀಲಿಲ್ಲ.

ರಕ್ತದ ವರದಿ ಬಂತು. ಪೊಟ್ಯಾಸಿಯಂ 8.1. ಕ್ರಿಯಾಟಿನೈನ್ 7.8, ಆ ಲ್ಯಾಬಿನ ಪ್ರಕಾರ ಮೇಲಿನ ಮಿತಿ 2.4. ಗ್ಲೂಕೋಸ್ ಕೂಡ ಮೇಲೆ. ಸಕ್ಕರೆ ಕಾಯಿಲೆನೂ ಇದೆಯಾ ಅಂತ ಕೂತಲ್ಲೇ ಕುಸಿದೆ. ಇಲ್ಲ, ಬೆಕ್ಕಿಗೆ ಗಾಬರಿಯಾದರೂ ಸಕ್ಕರೆ ಏರುತ್ತೆ, ಅದನ್ನ ಆಮೇಲೆ ನೋಡೋಣ ಅಂದರು. ಅವರು ನೋಡುತ್ತಿದ್ದದ್ದು ಇಸಿಜಿಯನ್ನು. ಹೃದಯ ಕಾಯೋಕೆ ಕ್ಯಾಲ್ಸಿಯಂ ಇಂಜೆಕ್ಷನ್, ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳೋಕೆ ಗ್ಲೂಕೋಸ್ ಜೊತೆ ಇನ್ಸುಲಿನ್. ಆಮೇಲೆ ಅರಿವಳಿಕೆ ಕೊಟ್ಟು, ನಾಳ ತೊಳೆದು, ಕ್ಯಾತಿಟರ್ ಹಾಕಿದರು. ಚೀಲಕ್ಕೆ ಇಳಿದದ್ದು ಉಚ್ಚೆ ಅಂತ ಹೇಳೋ ಹಾಗಿರಲಿಲ್ಲ, ಬೀಟ್‌ರೂಟ್ ಬೇಯಿಸಿದ ನೀರಿನ ಹಾಗಿತ್ತು.

ಮೂರು ರಾತ್ರಿ ಅಲ್ಲೇ. ದಾರಿ ಬಿಟ್ಟ ಮೇಲೆ ಕಿಡ್ನಿ ಒಂದೇ ಸಮನೆ ಉಚ್ಚೆ ಸುರಿಸೋಕೆ ಶುರು ಮಾಡುತ್ತೆ, ಹೊರಗೆ ಹೋದಷ್ಟನ್ನು ಡ್ರಿಪ್‌ನಲ್ಲಿ ತುಂಬಬೇಕು. ಪೊಟ್ಯಾಸಿಯಂ ಮರುದಿನವೇ ಇಳಿಯಿತು. ಕ್ರಿಯಾಟಿನೈನ್ 7.8 ಇದ್ದದ್ದು 4.1 ಆಯ್ತು, ಆಮೇಲೆ 2.3. ಸೋಮವಾರ ಕ್ಯಾತಿಟರ್ ತೆಗೆದು, ತಾನಾಗೇ ಹೊಯ್ತಾನಾ ಅಂತ ಕಾಯ್ತಾ ಕೂತೆವು. ನಾನು, ತಮ್ಮ, ನರ್ಸ್, ಮೂವರೂ ಒಂದು ಟ್ರೇ ಕಡೆ ನೋಡ್ತಾ. ಸಂಜೆ ನಾಲ್ಕಕ್ಕೆ ಹೊಯ್ದ. ತಮ್ಮ ಅತ್ತುಬಿಟ್ಟ.

ಬಿಲ್ ನಮ್ಮ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ಅಮ್ಮನಿಗೆ ಅರ್ಧ ಹೇಳಿದೆ. ಅದಕ್ಕೇ ಅವರು, "ಬೆಕ್ಕಿಗಾ?" ಅಂದರು.

ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಬೋಂಡನ ಉಚ್ಚೆಯಲ್ಲಿ ಸಿಕ್ಕಿದ್ದು ಸ್ಟ್ರೂವೈಟ್ ಹರಳು. ಅದು ಆಹಾರ ಬದಲಿಸಿದರೆ ಕರಗುತ್ತೆ, ಕ್ಯಾಲ್ಸಿಯಂ ಆಕ್ಸಲೇಟ್ ಆಗಿದ್ದರೆ ಕರಗುತ್ತಿರಲಿಲ್ಲ. ಒಣ ಕಾಳು ಬಂದ್, ಡಾಕ್ಟರ್ ಬರೆದುಕೊಟ್ಟ ಹಸಿ ಆಹಾರ ಶುರು. ಬೆಕ್ಕಿನ ಪೂರ್ವಜರು ಒಣ ಪ್ರದೇಶದವರು, ನೀರು ಕಡಿಮೆ ಕುಡಿದು ಉಚ್ಚೆ ಗಟ್ಟಿ ಮಾಡಿಕೊಳ್ಳೋದು ರಕ್ತದಲ್ಲೇ ಬಂದದ್ದು. ಈಗ ಮನೆಯಲ್ಲಿ ನಾಲ್ಕು ಕಡೆ ನೀರಿನ ಬಟ್ಟಲು. ಟ್ರೇ ಎರಡು. ಒತ್ತಡವೂ ಒಂದು ಕಾರಣ ಇರಬಹುದಂತೆ. ನಾವು ಹದಿನೈದು ದಿನ ಹಿಂದಷ್ಟೇ ಮನೆ ಬದಲಾಯಿಸಿದ್ದೆವು, ಪಕ್ಕದ ಸೈಟಿನಲ್ಲಿ ಆಗಲೇ ಬೋರ್‌ವೆಲ್ ಕೊರೆಯುತ್ತಿದ್ದರು. ನಮಗೇ ತಲೆ ಕೆಟ್ಟಿತ್ತು, ಪಾಪ ಅವನಿಗೆ ಬೇರೆ.

ತಿಂಗಳ ನಂತರದ ಪರೀಕ್ಷೆಯಲ್ಲಿ ಕ್ರಿಯಾಟಿನೈನ್ 2.6. ರಾತ್ರಿ ಒಂದಕ್ಕೆ ಆ ಸಂಖ್ಯೆ ಹಿಡಿದು ಹುಡುಕಿ ಹುಡುಕಿ, ಬೆಳಗಾಗೋ ಹೊತ್ತಿಗೆ ಅವನ ಕಿಡ್ನಿ ಮುಗಿದೇಹೋಯ್ತು ಅಂತ ತೀರ್ಮಾನಿಸಿದ್ದೆ. ಡಾಕ್ಟರ್ ಕೇಳಿದ್ದು ಒಂದೇ, "ಉಚ್ಚೆಯ ಸಾಂದ್ರತೆ ನೋಡಿದ್ರಾ?" ಅದು 1.045 ಇತ್ತು. ಕಿಡ್ನಿ ಸೋತರೆ ಉಚ್ಚೆಯನ್ನು ಇಷ್ಟು ಗಟ್ಟಿ ಮಾಡೋಕೆ ಸಾಮಾನ್ಯವಾಗಿ ಆಗಲ್ಲ, ನೀರು ಕಡಿಮೆಯಾದರೂ ಕ್ರಿಯಾಟಿನೈನ್ ಸ್ವಲ್ಪ ಏರುತ್ತೆ, ಒಂದೇ ಸಂಖ್ಯೆ ನೋಡಿ ಹೇಳಬೇಡಿ ಅಂದರು. ಎರಡು ವಾರದ ನಂತರ 2.2. ಒಂದು ಸ್ಪೈಕ್ ನೋಡಿ ಗಾಬರಿಯಾಗಬೇಡ, ಟ್ರೆಂಡ್ ನೋಡು ಅಂತ ಜೂನಿಯರ್‌ಗಳಿಗೆ ನಾನೇ ಪಾಠ ಹೇಳ್ತೀನಿ! ಮೂರು ತಿಂಗಳಿಗೊಮ್ಮೆ ಪರೀಕ್ಷೆ ಅಂತ ಈಗ ನಿಗದಿ. ಮತ್ತೆ ಕಟ್ಟಿಕೊಳ್ಳೋ ಸಾಧ್ಯತೆ ಇದ್ದೇ ಇದೆ ಅಂತ ಅವರು ಮುಚ್ಚಿಡದೆ ಹೇಳಿದ್ದಾರೆ.

ಹಾಗಾಗಿ ದಿನಾ ಎರಡು ಸಲ ಉಂಡೆ ಎಣಿಸ್ತೀವಿ. ಎಷ್ಟು, ಎಷ್ಟು ದಪ್ಪ ಅಂತ ಶೀಟ್‌ನಲ್ಲಿ ಬರೀತೀವಿ. ಹನ್ನೆರಡು ಗಂಟೆ ಏನೂ ಬರೆಯದಿದ್ದರೆ ನನ್ನ ಫೋನಿಗೂ ತಮ್ಮನ ಫೋನಿಗೂ ಅಲರ್ಟ್ ಬರುತ್ತೆ, ಸರ್ವರ್ ಬಿದ್ದಾಗ ಬರೋ ಅದೇ ಕಿರುಚಾಟದ ಸದ್ದಲ್ಲಿ. ಅಷ್ಟು ಕಾದು ಕೂರೋಕಲ್ಲ, ನಾವು ಬರೆಯೋದು ಮರೆತಿದ್ದರೆ ಎಬ್ಬಿಸೋಕೆ. ಟ್ರೇಗೆ ಹೋಗಿ ಬರಿಗೈಲಿ ಬಂದ ಅಂದರೆ ಆ ಕ್ಷಣವೇ ಆಸ್ಪತ್ರೆ.

ಅಮ್ಮ ಈಗ ಬೆಳಿಗ್ಗೆ ಫೋನ್ ಮಾಡಿದರೆ ಮೊದಲು ನನ್ನ ತಿಂಡಿ ವಿಚಾರಿಸಲ್ಲ.

"ಉಚ್ಚೆ ಹೊಯ್ದನೇನೇ ಬೋಂಡ?"

"ಹ್ಞೂಂ ಅಮ್ಮ. ಎರಡು ಉಂಡೆ. ಒಂದು ದೊಡ್ಡದು."

"ನಿಂಬೆಹಣ್ಣಿನಷ್ಟಾ?"

"ಅದಕ್ಕಿಂತ ಸ್ವಲ್ಪ ದೊಡ್ಡದು."

"ಸರಿ ಬಿಡು. ನಿಂದಾಯ್ತಾ ತಿಂಡಿ?"