ದಣಿಸುವುದು ಸಾವಲ್ಲ

ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ವೈದ್ಯರು, ನರ್ಸ್‌ಗಳು ಬಸವಳಿದರೆ ನಾವು ಸಾವಿನತ್ತ ಬೊಟ್ಟು ಮಾಡುತ್ತೇವೆ. ದಿನವೂ ಸಾವು ನೋಡುವವರು ಇನ್ನೇನಾದಾರು ಎನ್ನುತ್ತೇವೆ. ಕನಿಕರ ಸರಿ, ರೋಗನಿದಾನ ತಪ್ಪು. ಸಾವಿನಂಚಿನವರನ್ನು ನೋಡಿಕೊಳ್ಳುವ ಸಿಬ್ಬಂದಿಯ ಒತ್ತಡವನ್ನು ಕೆನಡಾದ ಮೇರಿ ವಾಚನ್ 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಆ ಸಿಬ್ಬಂದಿ ಹೇಳಿಕೊಂಡ ಕಷ್ಟಗಳಲ್ಲಿ ಸಾವಿಗಿಂತ ಕೆಲಸದ ಜಾಗದ್ದೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಪಟ್ಟಿ ಐಸಿಡಿ-11 ಕೂಡ ಈ ಬಸವಳಿಕೆಯನ್ನು, ಅಂದರೆ ಬರ್ನ್‌ಔಟನ್ನು, ಕಾಯಿಲೆ ಎನ್ನುವುದಿಲ್ಲ. ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದಿಂದ ಬರುವ ಸ್ಥಿತಿ ಎನ್ನುತ್ತದೆ.

ರೋಗಿ ನೋವಿಲ್ಲದೆ ಕಣ್ಮುಚ್ಚಿದರೆ ನರ್ಸ್ ಅತ್ತಾರು, ಮರುದಿನ ಡ್ಯೂಟಿಗೆ ಬರುತ್ತಾರೆ. ಮದ್ದಿದೆ ಎಂದು ಗೊತ್ತಿದ್ದೂ ಕೊಡಲಾಗದೆ ಕಳೆದ ರಾತ್ರಿ ಅವರನ್ನು ಕುಗ್ಗಿಸುತ್ತದೆ. ನೋವು ಇಳಿಸುವ ಮಾರ್ಫಿನ್ ಮಾತ್ರೆ ದುಬಾರಿಯಲ್ಲ. ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯಿಂದ ಅದನ್ನು ಇಟ್ಟುಕೊಳ್ಳಲು ಹಲವು ಪರವಾನಗಿಗಳ ಬದಲು ಒಂದೇ ಸಾಕೆಂದಾಯಿತು. ಆದರೂ ದೊಡ್ಡ ಊರುಗಳಾಚೆ ಮಾರ್ಫಿನ್ ಸುಲಭವಾಗಿ ಸಿಗುವುದಿಲ್ಲ. ಎಲ್ಲ ಚಿಕಿತ್ಸೆ ಮುಗಿದು ಇನ್ನು ಕೆಲವೇ ದಿನ ಎನ್ನುವಾಗ ರೋಗಿಯನ್ನು ಉಪಶಾಮಕ ತಂಡದ ಬಳಿ ಕಳಿಸುತ್ತಾರೆ. ‘ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಸಿಸ್ಟರ್’ ಎಂದು ಮಗ ಬಾಗಿಲಲ್ಲೇ ತಡೆಯುತ್ತಾನೆ. ಒಳಗೆ ಅಪ್ಪ ‘ನಂಗೇನಾಗಿದೆ, ನೀನಾದ್ರೂ ಹೇಳಮ್ಮ’ ಎಂದು ಕೈ ಹಿಡಿಯುತ್ತಾರೆ. ಇಬ್ಬರಿಗೂ ಉತ್ತರ ಕೊಡಬೇಕಾದವರು ಎಷ್ಟೋ ಕಡೆ ಗುತ್ತಿಗೆಯ ನರ್ಸ್. ಸಂಜೆ ಇದನ್ನೆಲ್ಲ ಹೇಳಿಕೊಳ್ಳಲು ಹಿರಿಯರಿಲ್ಲ. ರಜೆ ಹಾಕಿದರೆ ಬದಲಿಗೆ ಬರುವವರೂ ಇಲ್ಲ.

ಕರ್ನಾಟಕ 2016ರಲ್ಲೇ ಉಪಶಾಮಕ ಆರೈಕೆಗೊಂದು ನೀತಿ ರೂಪಿಸಿತು. ಘನತೆಯ ಸಾವಿನ ಹಕ್ಕು ಕುರಿತ ಸುಪ್ರೀಂ ಕೋರ್ಟ್ ತೀರ್ಪಿನ ಜಾರಿಗೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಎರಡೂ ಸ್ವಾಗತಾರ್ಹ. ಸುತ್ತೋಲೆಯಂತೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಮಂಡಳಿ ಒಪ್ಪಿಗೆ ಕೊಟ್ಟು ಎದ್ದ ಮೇಲೆ ರೋಗಿಯ ಬಳಿ ಉಳಿಯುವವರು ಯಾರು? ವೆಂಟಿಲೇಟರ್ ತೆಗೆದ ನಂತರ ಉಸಿರಿನ ಸಂಕಟ ಇಳಿಸಬೇಕು, ಮನೆಯವರ ಪಕ್ಕ ಕೂರಬೇಕು, ಅವರ ಸಿಟ್ಟನ್ನೂ ಕೇಳಿಸಿಕೊಳ್ಳಬೇಕು. ಈ ಕೆಲಸ ಬಲ್ಲವರ ಸಂಖ್ಯೆ ಹೆಚ್ಚದೆ ಹಕ್ಕು ಮಾತ್ರ ವಿಸ್ತಾರವಾದರೆ, ಭಾರ ಬೀಳುವುದು ಈಗಾಗಲೇ ದಣಿದವರ ಹೆಗಲಿಗೆ.

ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸಗಳಿಂದ ಇದು ಪರಿಹಾರವಾಗದು. ಅವು ದಣಿದವರಿಗೇ ಇನ್ನೊಂದು ಹೊಣೆ ಹೊರಿಸುತ್ತವೆ. ಜಿಲ್ಲಾಸ್ಪತ್ರೆಗಳ ಉಪಶಾಮಕ ಘಟಕಗಳಿಗೆ ತರಬೇತಿ ಪಡೆದ ಕಾಯಂ ನರ್ಸ್‌ಗಳು ಬೇಕು. ಒಬ್ಬರು ಇಷ್ಟೇ ರೋಗಿಗಳನ್ನು ನೋಡಬೇಕೆಂಬ ಮಿತಿ ಬೇಕು. ಮಾರ್ಫಿನ್ ಪೂರೈಕೆ ತಪ್ಪಬಾರದು. ಸಾವಿನ ನಂತರ ತಂಡ ಕೂತು ಮಾತಾಡಲು ಕೆಲಸದ ವೇಳೆಯಲ್ಲೇ ಸಮಯ ಮೀಸಲಿಡಬೇಕು. ಆರೋಗ್ಯ ಇಲಾಖೆ ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ಕೇಳಲಿ, ಸರ್ಕಾರ ಕೊಡಲಿ.