ಆಟಕ್ಕೊಂದು ಅವಧಿ

ಮಕ್ಕಳ ಆಟಗಳ ವಿಷಯದಲ್ಲಿ ಹಿಂದಿನದೆಲ್ಲವೂ ಶ್ರೇಯಸ್ಕರವೆಂದೂ ಇಂದಿನದೆಲ್ಲವೂ ಅನರ್ಥಕಾರಿಯೆಂದೂ ತೀರ್ಪು ಕೊಟ್ಟುಬಿಡುವುದು ನಮ್ಮ ಹಿರಿಯರಲ್ಲಿ ರೂಢಿಯಾಗಿಹೋಗಿದೆ. ಚಿನ್ನಿದಾಂಡು, ಕುಂಟೆಬಿಲ್ಲೆ, ಚೌಕಾಬಾರಗಳ ಹೆಸರೆತ್ತಿ ನಿಟ್ಟುಸಿರುಬಿಡುವ ಈ ವಿಲಾಪದಲ್ಲಿ ಪ್ರೀತಿಯೇನೋ ಉಂಟು; ಸತ್ಯವು ಮಾತ್ರ ಅರೆಪಾಲು. ಆಟವೆಂಬುದು ಮನುಷ್ಯನನ್ನು ಮರುಳುಗೊಳಿಸಬಲ್ಲ ವಸ್ತುವೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಕಡೆಗೆ ಪತ್ನಿಯನ್ನೂ ಜೂಜಿಗೆ ಒಡ್ಡಿದ ಕಥೆಯನ್ನು ಕೇಳಿ ಬೆಳೆದ ಜನ ನಾವು. ತುಳುನಾಡಿನ ಸಿರಿ ಪಾಡ್ದನದಲ್ಲಂತೂ ಅಬ್ಬಗ-ದಾರಗರೆಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಕಲಹಕ್ಕೆ ತೊಡಗಿ, ಒಬ್ಬಳು ಅದೇ ಮಣೆಯಿಂದ ಮತ್ತೊಬ್ಬಳನ್ನು ಹೊಡೆದು ಕೊಲ್ಲುವ ದಾರುಣ ಪ್ರಸಂಗವೇ ಇದೆ.

ಈ ಚೆನ್ನೆಮಣೆಯನ್ನು ತುಸು ಹತ್ತಿರದಿಂದ ನೋಡುವುದು ಉಚಿತ. ಸಾಲಿಗೆ 7ರಂತೆ ಎರಡು ಸಾಲು ಗುಳಿಗಳನ್ನು ಕೊರೆದ ಮರದ ಮಣೆ. ಗುಳಿಗೆ 4ರಂತೆ ಮಂಜೊಟ್ಟಿಯ ಕೆಂಪು ಬೀಜಗಳು. ಒಂದು ಗುಳಿಯನ್ನು ಬರಿದುಮಾಡಿ ಮುಂದಿನವುಗಳಿಗೆ ಒಂದೊಂದಾಗಿ ಹಂಚುತ್ತ ಸಾಗುವಾಗ ಕೈಯಲ್ಲಿನ ಬೀಜ ಎಲ್ಲಿ ತೀರುವುದು, ಅದರಾಚೆಯ ಗುಳಿಯಲ್ಲಿ ಏನು ದೊರೆಯುವುದು ಎಂಬುದನ್ನೆಲ್ಲ ಬೀಜವೆತ್ತುವ ಮೊದಲೇ ಮನಸ್ಸಿನಲ್ಲಿ ಗಣಿಸಿಕೊಳ್ಳಬೇಕು. ಬುದ್ಧಿಗೆ ಇಷ್ಟೊಂದು ವ್ಯಾಯಾಮವನ್ನೀಯುವ ಆಟವನ್ನು ವರ್ಷವಿಡೀ ಆಡಿದ್ದರೆ ತಪ್ಪೇನಿತ್ತು? ಆದರೂ ಗದ್ದೆಯ ಕೆಲಸ ಮುಗಿದು, ಹೊರಗೆ ಕಾಲಿಡಲಾಗದಂತೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಮಾತ್ರ ಮಣೆಯು ಹೊರಬರುತ್ತಿತ್ತು. ತಿಂಗಳು ಕಳೆದೊಡನೆ ಅದನ್ನು ಎತ್ತಿಡುತ್ತಿದ್ದರು. ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದೆಂಬ ನಿಷೇಧವೂ ಇತ್ತು. ಮೂಢನಂಬಿಕೆಯೆಂದು ನಗುವವರು ನಗಲಿ; ಆಟಕ್ಕೆ ಕಾಲವನ್ನೂ ಜೊತೆಗಾರರನ್ನೂ ಗೊತ್ತುಮಾಡಿದ ವಿವೇಕವು ಅದರೊಳಗೆ ಅಡಗಿತ್ತೆಂಬುದು ನನ್ನ ನಂಬಿಕೆ.

ಉಳಿದ ಆಟಗಳಿಗೂ ಎಲ್ಲೆಯಿತ್ತು. ಆಷಾಢದ ಗಾಳಿ ಇಳಿದರೆ ಗಾಳಿಪಟವೂ ಇಳಿಯಿತು. ಚೆಂಡೇ ಕಾಣದಷ್ಟು ಕತ್ತಲಾದ ಮೇಲೆ ಲಗೋರಿಯ ಬಿಲ್ಲೆಗಳನ್ನು ಒಟ್ಟುವವರಾದರೂ ಯಾರು?

ಮೊಬೈಲ್ ಆಟಗಳಲ್ಲಿ ನಾನು ಕಾಣುವ ದೋಷ ಇಲ್ಲಿಯೇ ಇದೆ. ಅವುಗಳಿಗೆ ಮಳೆಯಿಲ್ಲ, ಬಿಸಿಲಿಲ್ಲ, ಸಂಜೆಯಿಲ್ಲ. ಪ್ರತಿದಿನವೂ ಬಂದವನಿಗೆ ಬಹುಮಾನ, ಒಂದು ದಿನ ತಪ್ಪಿದವನಿಗೆ ಗಳಿಸಿದ್ದನ್ನು ಕಳೆದುಕೊಳ್ಳುವ ಭಯ, ಒಂದು ಹಂತ ಮುಗಿಯುವ ಮುನ್ನವೇ ಮುಂದಿನದರ ಆಮಿಷ — ಹೀಗೆ ಆಡುವವನು ಎದ್ದುಹೋಗದಂತೆ ನೋಡಿಕೊಳ್ಳುವುದರಲ್ಲಿಯೇ ಆಡಿಸುವವನ ಲಾಭವಿದೆ. ಚೆನ್ನೆಮಣೆಯನ್ನು ಕೊರೆದ ಬಡಗಿಯಾದರೋ, ಅದನ್ನು ಎಷ್ಟು ಹೊತ್ತು ಆಡಿದರೆಂದು ವಿಚಾರಿಸಿದವನಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ವಿಡಿಯೊ ಆಟದ ಗೀಳಿಗೂ ಸ್ಥಾನ ದೊರೆತಿದೆ. ಚೀನಾ ದೇಶವು 2021ರಲ್ಲಿ, ಹದಿನೆಂಟು ತುಂಬದವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟಗಳನ್ನು ಆಡಬಹುದೆಂದು ಆಜ್ಞಾಪಿಸಿತು. ನಮ್ಮ ಸಂಸತ್ತು 2025ರಲ್ಲಿ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದು ಅಗತ್ಯವಾಗಿಯೇ ಇತ್ತು. ಆದರೆ ಊಟದ ತಟ್ಟೆಯ ಪಕ್ಕದಲ್ಲಿ ಹಣದ ಮಾತಿಲ್ಲದೆಯೇ ಆಡುತ್ತ ಕುಳಿತ ಎಂಟು ವರ್ಷದ ಹುಡುಗನನ್ನು ಎಬ್ಬಿಸಲು ಪೊಲೀಸರನ್ನು ಕಳುಹಿಸಲಾಗದು.

ಆ ಕೆಲಸ ಮನೆಯವರದೇ. ವರ್ಷಕ್ಕೊಮ್ಮೆ ಶಾಲೆಯ ಮೈದಾನದಲ್ಲಿ ಗೋಲಿ-ಬುಗುರಿಗಳ ಪ್ರದರ್ಶನವೇರ್ಪಡಿಸಿ ಛಾಯಾಚಿತ್ರ ತೆಗೆಸಿಕೊಳ್ಳುವುದರಿಂದ ಅದು ನೆರವೇರುವಂತಹುದಲ್ಲ. ಆಟ ಯಾವುದೇ ಇರಲಿ, ಅದಕ್ಕೊಂದು ಹೊತ್ತನ್ನು ಗೊತ್ತುಮಾಡಿ, ಹೊತ್ತು ಮೀರಿದೊಡನೆ ಎತ್ತಿಡುವ ಕಟ್ಟಳೆಯನ್ನು ಪ್ರತಿಯೊಂದು ಮನೆಯೂ ಮಾಡಿಕೊಳ್ಳಲಿ. ಆ ಕಟ್ಟಳೆಯನ್ನು ತಂದೆತಾಯಂದಿರು ಮೊದಲು ತಮ್ಮ ಕೈಯಲ್ಲಿರುವ ಮೊಬೈಲಿಗೆ ಅನ್ವಯಿಸಿ ತೋರಿಸಲಿ.