ನಿಂತವನಿಗಿಂತ ಓಡಿಹೋದವನೇ ವಾಸಿಯೇ?

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದವನಿಗೆ ಹದಿನೇಳು ವರ್ಷ. ಜಾಮೀನಿಗೆ ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತು ಹಾಕಿದ್ದು ದೇಶವನ್ನೇ ಕೆರಳಿಸಿತು. ಆ ಗದ್ದಲದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಕಾರು ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿಯಲ್ಲಿ ಪುಣೆಗೆ ಹೋಗಿತ್ತು. 1,758 ರೂಪಾಯಿ ಶುಲ್ಕ ಕಟ್ಟದೆ ಕಾಯಂ ನೋಂದಣಿ ಆಗಿರಲಿಲ್ಲ.

ಶಿಕ್ಷೆ ಎಷ್ಟು, ಜಾಮೀನು ಹೇಗೆ ಎಂದು ತಿಂಗಳುಗಟ್ಟಲೆ ವಾದಿಸುವ ದೇಶ, ದುಡಿಯುವ ಜೀವ ಹೋದ ಮನೆಗೆ ನಾಳೆಯ ಖರ್ಚು ಕೊಡುವವರು ಯಾರು ಎಂದು ಕೇಳುವುದು ಕಡಿಮೆ. ಗುದ್ದಿದವನು ಸಿರಿವಂತನಾದರೆ ಆ ಪ್ರಶ್ನೆಗೆ ಹೇಗೋ ಉತ್ತರ ಸಿಕ್ಕೀತು. ಗುದ್ದಿದ್ದು ವಿಮೆ ತೀರಿದ ಹಳೆಯ ಸ್ಕೂಟರೋ ಟೆಂಪೋವೋ ಆಗಿದ್ದರೆ? ಪುಣೆಯಂಥ ದ್ವಿಚಕ್ರ ವಾಹನಗಳ ಊರಿನಲ್ಲಿ ಇದೇ ದಿನನಿತ್ಯದ ಪ್ರಶ್ನೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಹೋದವರಿಗೂ ಹಿಂಜವಡಿಯ ಐಟಿ ಕಂಪನಿಗೆ ಹೋದವರಿಗೂ ಇದು ಒಂದೇ.

ಕಾನೂನಿನಲ್ಲಿ ಮಾತ್ರ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ವಾಹನ ರಸ್ತೆಗಿಳಿಯುವಂತಿಲ್ಲ. ಇಳಿದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಆ ಐದು ವರ್ಷ ಮುಗಿದ ಮೇಲೆ ಎಷ್ಟೋ ಬೈಕುಗಳು ವಿಮೆಯ ಮುಖ ನೋಡುವುದಿಲ್ಲ. ದೇಶದ ವಾಹನಗಳಲ್ಲಿ ಸುಮಾರು ಅರ್ಧದಷ್ಟು ವಿಮೆಯಿಲ್ಲದೆ ಓಡುತ್ತಿವೆ ಎಂಬುದು ಸಂಸತ್ತಿನ ಸ್ಥಾಯಿ ಸಮಿತಿಯಲ್ಲೇ ಚರ್ಚೆಯಾದ ವಿಷಯ.

ಅಂಥ ವಾಹನ ಗುದ್ದಿದಾಗ ಆಗುವುದೇನು? ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೂ ಪಾಲಿಸಿ ಇದ್ದರೆ, ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಪಾಲಿಸಿಯೇ ಇಲ್ಲದಿದ್ದರೆ ಕಂಪನಿಯ ಪ್ರಶ್ನೆಯೇ ಬರುವುದಿಲ್ಲ. ನ್ಯಾಯಮಂಡಳಿ ಮಾಲೀಕನೇ ಕೊಡಲಿ ಎಂದು ತೀರ್ಪು ಬರೆಯುತ್ತದೆ. ಆತ ಕೊಡದಿದ್ದರೆ 174ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ಹೊಲ ಮನೆ ಇಲ್ಲದವನಿಂದ ಯಾವ ಕಂದಾಯ? ಇದ್ದವನೂ ತೀರ್ಪು ಬರುವ ಹೊತ್ತಿಗೆ ಅದನ್ನು ಹೆಂಡತಿಯ ಹೆಸರಿಗೆ ಬರೆದಿರುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡುವುದಿಲ್ಲ.

ಇದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಉಷಾ ದೇವಿ ಪ್ರಕರಣದಲ್ಲಿ ಒಂದು ದಾರಿ ತೋರಿತು. ವಿಮೆಯಿಲ್ಲದ ವಾಹನ ಅಪಘಾತ ಮಾಡಿದರೆ, ಮಾಲೀಕ ತಕ್ಕ ಭದ್ರತೆ ಕೊಡುವವರೆಗೆ ಅದನ್ನು ಬಿಡಬಾರದು. ಕೊಡದಿದ್ದರೆ ಮೂರು ತಿಂಗಳ ನಂತರ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿಡಬೇಕು. ದೆಹಲಿಯಲ್ಲಿದ್ದ ಈ ನಿಯಮವನ್ನು ಎಲ್ಲ ರಾಜ್ಯಗಳೂ ತರಲಿ ಎಂದಿತು. ಲಾರಿಯಾದರೆ ಒಂದಿಷ್ಟು ಹಣ ಹುಟ್ಟೀತು. ಹದಿನೈದು ವರ್ಷದ ಸ್ಕೂಟರನ್ನು ಹರಾಜು ಹಾಕಿದರೆ ಆಸ್ಪತ್ರೆಯ ಒಂದು ದಿನದ ಬಿಲ್ಲಿಗೂ ಸಾಲದು.

ನಿಜವಾದ ವಿಪರ್ಯಾಸ ಇನ್ನೊಂದಿದೆ. ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಚಾಲಕ ನಿಂತು, ಹೆಸರು ವಿಳಾಸ ಕೊಟ್ಟು, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ, ಅವನ ವಾಹನಕ್ಕೆ ವಿಮೆ ಇಲ್ಲದಿದ್ದರೆ, ಆ ಹಣವೂ ಇಲ್ಲ. ಓಡಿಹೋದವನು ಗುದ್ದಿದ ಕುಟುಂಬದ ಕೈಗೆ ಸ್ವಲ್ಪವಾದರೂ ಬರುತ್ತದೆ. ಮಾನವಂತನಾಗಿ ನಿಂತವನು ಗುದ್ದಿದ ಕುಟುಂಬದ ಕೈಗೆ ಬರುವುದು ತೀರ್ಪಿನ ಪ್ರತಿ. 2025ರ ಮೇ ತಿಂಗಳಿಂದ ಬಂದಿರುವ ನಗದುರಹಿತ ಚಿಕಿತ್ಸಾ ಯೋಜನೆ ಏಳು ದಿನ, ಒಂದೂವರೆ ಲಕ್ಷದವರೆಗೆ ಎಲ್ಲ ಗಾಯಾಳುಗಳನ್ನೂ ನೋಡಿಕೊಳ್ಳುತ್ತದೆ. ಅದು ಒಳ್ಳೆಯದೇ. ಆದರೆ ಎಂಟನೆಯ ದಿನವೂ ಮುರಿದ ಕಾಲು ಮುರಿದೇ ಇರುತ್ತದೆ.

ಬ್ರಿಟನ್ನಿನಲ್ಲಿ 1946ರಲ್ಲೇ ವಿಮಾ ಕಂಪನಿಗಳು ಸೇರಿ ಮೋಟಾರ್ ಇನ್ಶೂರರ್ಸ್ ಬ್ಯೂರೋ ಕಟ್ಟಿದವು. ವಿಮೆಯಿಲ್ಲದವನು ಗುದ್ದಿದರೂ ಗಾಯಾಳುವಿಗೆ ಆ ಸಂಸ್ಥೆ ಹಣ ಕೊಡುತ್ತದೆ, ಆಮೇಲೆ ತಪ್ಪಿತಸ್ಥನ ಬೆನ್ನು ಹತ್ತುತ್ತದೆ. ಇಲ್ಲೂ ಆಗಬೇಕಾದದ್ದು ಇದೇ. ಹೊಸ ಕಾಯ್ದೆಯೂ ಬೇಕಿಲ್ಲ. 2019ರ ತಿದ್ದುಪಡಿ ತಂದ 164ಬಿ ಸೆಕ್ಷನ್ ಮೋಟಾರು ವಾಹನ ಅಪಘಾತ ನಿಧಿಯನ್ನು ಸೃಷ್ಟಿಸಿದೆ. ಕೇಂದ್ರ ಸರ್ಕಾರ ಗೊತ್ತುಪಡಿಸುವ ಇತರರಿಗೂ ಅದರಿಂದ ಪರಿಹಾರ ಕೊಡಬಹುದು ಎನ್ನುತ್ತದೆ. ವಿಮೆಯಿಲ್ಲದ ವಾಹನದ ಸಂತ್ರಸ್ತರನ್ನು ಆ ಪಟ್ಟಿಗೆ ಸೇರಿಸುವ ಒಂದು ನಿಯಮ ಸಾಕು.

ಪ್ರಾಮಾಣಿಕವಾಗಿ ಪ್ರೀಮಿಯಂ ಕಟ್ಟುವವನು ಕಟ್ಟದವನ ಪಾಪವನ್ನು ಯಾಕೆ ಹೊರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಹೊರೆಯನ್ನು ಇವತ್ತು ಯಾರೂ ಹೊರುತ್ತಿಲ್ಲವೆಂದಲ್ಲ. ಏಟು ತಿಂದವನೊಬ್ಬನೇ ಹೊರುತ್ತಿದ್ದಾನೆ. ಕೋಟಿಗಟ್ಟಲೆ ಪಾಲಿಸಿಗಳ ಮೇಲೆ ಹಂಚಿದರೆ ಹಗುರಾಗುವ ಭಾರ, ಒಂದು ಮನೆಯ ಮೇಲೆ ಬಿದ್ದರೆ ಮನೆಯೇ ಕುಸಿಯುತ್ತದೆ. ಬೆನ್ನು ಹತ್ತಿ ವಸೂಲಿ ಮಾಡುವ ಶಕ್ತಿಯೂ ನಿಧಿಗಿದೆ, ವಿಧವೆಗಿಲ್ಲ.

ಅಲ್ಲಿಯವರೆಗೆ ತಿಳಿದಿರಬೇಕಾದ ಕೆಲವು ಮಾತು. ಅಪಘಾತ ಪುಣೆಯಲ್ಲಾದರೂ ಸಂತ್ರಸ್ತರು ತಾವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು, ಬೆಳಗಾವಿಯವರು ಬೆಳಗಾವಿಯಲ್ಲೇ. ಕಾಯ್ದೆ ಹೇಳುವ ಗಡುವು ಆರು ತಿಂಗಳು. ವಾಹನವನ್ನು ಠಾಣೆಯಿಂದ ಬಿಡದಂತೆ ಮೊದಲ ವಾರದಲ್ಲೇ ತಕರಾರು ಸಲ್ಲಿಸಬೇಕು. ಹಾಗೆಯೇ ಬೈಕ್ ಮಾರಿದವರು ಆರ್.ಸಿ.ಯಲ್ಲಿ ಹೆಸರು ಬದಲಾಗುವವರೆಗೆ ಬಿಡಬಾರದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಓದು ಮುಗಿಸಿ ಪುಣೆ ಬಿಡುವಾಗ ಕೈಗೆ ಬಂದಷ್ಟಕ್ಕೆ ಬೈಕ್ ಕೊಟ್ಟು ಊರಿಗೆ ಬಂದ ಹುಡುಗರ ಮನೆಗೆ ಎಂದೋ ಒಂದು ದಿನ ನೋಟಿಸು ಬರಬಹುದು.

ಇವೆಲ್ಲ ಏಟು ತಿಂದವರೂ ಎಚ್ಚರವಿದ್ದವರೂ ಮಾಡಿಕೊಳ್ಳುವ ಏರ್ಪಾಡು. ವಿಮೆಯನ್ನು ಕಡ್ಡಾಯ ಮಾಡಿದ್ದು ಸರ್ಕಾರ. ಆ ಕಡ್ಡಾಯವನ್ನು ಜಾರಿ ಮಾಡಲಾಗದಿದ್ದರೆ ಅದರ ಬೆಲೆಯನ್ನು ತೆರಬೇಕಾದದ್ದೂ ಸರ್ಕಾರವೇ, ರಸ್ತೆಯ ಬದಿಯಲ್ಲಿ ಬಿದ್ದವನಲ್ಲ.